ರೈತರ ಮೇಳದಲ್ಲಿ ಹುಟ್ಟಿ ಲೀಗ್ ಆದ ಬೈಕ್ ಓಟ

ಓಡಿದ ಐದೂ ಓಟ ಗೆದ್ದವನಿಗೆ ಮೂರನೆಯ ಬಹುಮಾನ ಕೊಟ್ಟರೆ ಏನಾದೀತು? ಬಾಗಲಕೋಟೆ ಕಡೆ ಜೋಡೆತ್ತು ಭಾರದ ಬಂಡಿ ಎಳೆಯುವ ತೆರಬಂಡಿ ಕಣದಲ್ಲಿ ಹಾಗೇನಾದರೂ ಆದರೆ ಜಾತ್ರಾ ಕಮಿಟಿಯವರು ನಾಲ್ಕು ದಿನ ಊರಲ್ಲಿ ಮುಖ ತೋರಿಸುವಂತಿಲ್ಲ. 1936ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಆದದ್ದು ಇದೇ. ಅದು ಮೋಟಾರ್‌ಸೈಕಲ್ ಸ್ಪೀಡ್‌ವೇಯ ಮೊದಲ ವಿಶ್ವ ಫೈನಲ್. ಆಸ್ಟ್ರೇಲಿಯದ ಬ್ಲೂಯಿ ವಿಲ್ಕಿನ್ಸನ್ ಆ ರಾತ್ರಿ ಒಂದು ಓಟವನ್ನೂ ಸೋಲಲಿಲ್ಲ, 15ಕ್ಕೆ 15 ಅಂಕ ಗಳಿಸಿದ. ಆದರೆ ಹಿಂದಿನ ಸುತ್ತುಗಳ ಬೋನಸ್ ಅಂಕ ಕೂಡಿಸಿದಾಗ ಅವನ ಮೊತ್ತ 25ಕ್ಕೆ ನಿಂತಿತು. ಲಯೊನೆಲ್ ವಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ತಲಾ 26 ಮುಟ್ಟಿದ್ದರು. ಅವರಿಬ್ಬರಿಗೇ ಇನ್ನೊಂದು ಓಟ ಇಟ್ಟರು, ವಾನ್ ಪ್ರಾಗ್ ಚಾಂಪಿಯನ್ ಆದ. ವಿಲ್ಕಿನ್ಸನ್ ಕಿರೀಟಕ್ಕಾಗಿ 1938ರವರೆಗೆ ಕಾಯಬೇಕಾಯಿತು.

ಸ್ಪೀಡ್‌ವೇ ಅಭಿಮಾನಿಗಳು ಈ ಅನ್ಯಾಯವನ್ನು ಇಂದಿಗೂ ಕೆದಕುತ್ತಾರೆ. ಕೆದಕಲು ಅವರ ಕೈಯಲ್ಲಿ ಲೆಕ್ಕವಿದೆ. ನಮ್ಮ ಸೀಮೆಯ ಕಣಗಳಲ್ಲಿ ಇದಕ್ಕಿಂತ ಜೋರಾದ ಜಗಳಗಳಾಗುತ್ತವೆ, ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಯಾರಿಗೂ ಅಂಕಿ ನೆನಪಿರುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಸ್ಪೀಡ್‌ವೇ ಹುಟ್ಟಿದ ಜಾಗವೇ ನಮಗೆ ಪರಿಚಯದ್ದೆನಿಸುತ್ತದೆ. ಅದು ಹುಟ್ಟಿದ್ದು ಒಂದು ರೈತಮೇಳದ ಮೈದಾನದಲ್ಲಿ.

ಆಟ ನೋಡದವರಿಗೆ ಎರಡು ಮಾತು. ಅಂಡಾಕಾರದ ಮಣ್ಣಿನ ಟ್ರ್ಯಾಕ್, ನಾಲ್ವರು ಸವಾರರು, ನಾಲ್ಕು ಸುತ್ತು. ಗಡಿಯಾರದ ಮುಳ್ಳಿಗೆ ಎದುರಾಗಿ, ಅಂದರೆ ಸದಾ ಎಡಕ್ಕೆ ತಿರುವು. ಬೈಕು 500 ಸಿಸಿಯದು, ಒಂದೇ ಸಿಲಿಂಡರು, ಒಂದೇ ಗೇರು, ಕುಡಿಯುವುದು ಪೆಟ್ರೋಲ್ ಅಲ್ಲ, ಮೆಥನಾಲ್. ಬ್ರೇಕ್ ಇಲ್ಲವೇ ಇಲ್ಲ. ತಿರುವು ಬಂದಾಗ ಸವಾರ ಹಿಂದಿನ ಗಾಲಿಯನ್ನು ಬೇಕೆಂದೇ ಜಾರಿಸುತ್ತಾನೆ. ಬೈಕು ಎಡಕ್ಕೆ ಹೊರಳುತ್ತಿರುವಾಗ ಮುಂದಿನ ಗಾಲಿ ಬಲಕ್ಕೆ ಮುಖ ಮಾಡಿರುತ್ತದೆ. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿಕೊಂಡು ಅದನ್ನೇ ನೆಲಕ್ಕೆ ಊರಿ ಸಾಗುತ್ತಾನೆ. ಎಲ್ಲ ಮುಗಿಯಲು ಒಂದು ನಿಮಿಷ ಸಾಕು. ಮೊದಲು ಬಂದವನಿಗೆ 3 ಅಂಕ, ನಂತರದವರಿಗೆ 2, 1, ಕೊನೆಯವನಿಗೆ ಸೊನ್ನೆ. ಇಂಥ ಹದಿನೈದರಷ್ಟು ಓಟ ಸೇರಿದರೆ ಎರಡು ತಂಡಗಳ ನಡುವಿನ ಒಂದು ಪಂದ್ಯ.

ಹುಟ್ಟಿದ ದಿನ 1923ರ ಡಿಸೆಂಬರ್ 15 ಎನ್ನುವುದು ರೂಢಿ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ ವೆಸ್ಟ್ ಮೇಟ್ಲಂಡ್ ಎಂಬ ಊರು. ಅಲ್ಲಿನ ಹಂಟರ್ ರಿವರ್ ಕೃಷಿ ಮತ್ತು ತೋಟಗಾರಿಕೆ ಸಂಘಕ್ಕೆ ಜಾನಿ ಹಾಸ್ಕಿನ್ಸ್ ಎಂಬಾತ ಕಾರ್ಯದರ್ಶಿ, ಮೂಲತಃ ನ್ಯೂಜಿಲೆಂಡಿನವ. ದನಕರು, ಕಾಳುಕಡಿ ಪ್ರದರ್ಶನ ನಡೆಯುವ ಮೈದಾನದಲ್ಲಿ ರಾತ್ರಿ ಹೊತ್ತು ‘ವಿದ್ಯುದ್ದೀಪದ ಮೇಳ’ ಇಟ್ಟ. ದೀಪದ ಬೆಳಕೇ ಒಂದು ಆಕರ್ಷಣೆಯಾಗಿದ್ದ ಕಾಲ. ಅದರ ಜೊತೆಗೆ ಮೋಟಾರ್‌ಸೈಕಲ್ ಓಟ. ಮಣ್ಣಿನ ಮೇಲೆ ಬೈಕ್ ಓಡಿಸುವುದು ಅದಕ್ಕೂ ಮೊದಲೇ ಅಮೆರಿಕದಲ್ಲೂ ಆಸ್ಟ್ರೇಲಿಯದಲ್ಲೂ ಇತ್ತು, ಹಾಗಾಗಿ ಮೇಟ್ಲಂಡೇ ಮೊದಲು ಎಂಬ ಮಾತಿಗೆ ತಕರಾರು ತೆಗೆಯುವವರು ಇದ್ದೇ ಇದ್ದಾರೆ. ಹಾಸ್ಕಿನ್ಸ್ ಮಾತ್ರ ಟಿಕೆಟ್ ಮಾರುವುದು ಬಲ್ಲವನಾಗಿದ್ದ, ಆಟವನ್ನು ನ್ಯೂಕ್ಯಾಸಲ್, ಸಿಡ್ನಿ ದಾಟಿಸಿ 1928ರಲ್ಲಿ ಇಂಗ್ಲೆಂಡಿಗೆ ಹೋದ.

ಅದೇ ವರ್ಷದ ಫೆಬ್ರುವರಿ 19ರಂದು ಲಂಡನ್ನಿನ ಹೊರಗೆ ಹೈ ಬೀಚ್‌ನಲ್ಲಿ ಸ್ಥಳೀಯ ಮೋಟಾರ್‌ಸೈಕಲ್ ಕ್ಲಬ್ಬೊಂದು ಓಟ ಏರ್ಪಡಿಸಿತು. ಕೆಲವೇ ಸಾವಿರ ಜನರನ್ನು ನಿರೀಕ್ಷಿಸಿದ್ದ ಕಡೆ ಹತ್ತಾರು ಸಾವಿರ ಮಂದಿ ನುಗ್ಗಿದರು. ಹಗ್ಗ ಕಟ್ಟಿದ್ದ ಜಾಗವೆಲ್ಲ ಜನ. ಮರುವರ್ಷವೇ, 1929ರಲ್ಲಿ, ಉತ್ತರಕ್ಕೊಂದು ದಕ್ಷಿಣಕ್ಕೊಂದು ಲೀಗ್ ಶುರುವಾಯಿತು. ನನ್ನ ಲೆಕ್ಕದಲ್ಲಿ ಸ್ಪೀಡ್‌ವೇ ನಿಜವಾಗಿ ಹುಟ್ಟಿದ್ದು ಮೇಟ್ಲಂಡಿನಲ್ಲಲ್ಲ, ಈ ವರ್ಷ. ಅಲ್ಲಿಯವರೆಗೆ ಅದು ನೋಡಿ ಮರೆಯುವ ಸಾಹಸ. ಲೀಗ್ ಬಂದ ಮೇಲೆ ಪ್ರತಿ ಊರಿಗೂ ಒಂದು ತಂಡ, ತಂಡಕ್ಕೊಂದು ಬಣ್ಣ, ಕಳೆದ ವಾರದ ಸೋಲಿಗೆ ಮುಂದಿನ ವಾರ ಸೇಡು.

ಸಾಹಸವಾಗಿಯೇ ಉಳಿದ ಇನ್ನೊಂದು ಕೊಂಬೆಯನ್ನು ನಾವು ಬಲ್ಲೆವು. ಅಮೆರಿಕದಲ್ಲಿ ಹಲಗೆ ಹೊದಿಸಿದ ಇಳಿಜಾರು ಟ್ರ್ಯಾಕ್‌ಗಳ ಮೇಲೆ ಬೈಕ್ ಓಡಿಸುತ್ತಿದ್ದರು. ಆ ಇಳಿಜಾರು ಕಡಿದಾಗುತ್ತ ಹೋಗಿ ಕೊನೆಗೆ ನೆಟ್ಟಗೆ ನಿಂತ ಗೋಡೆಯಾಯಿತು. ಜಾತ್ರೆಗಳಲ್ಲಿ ಜನ ‘ಮೌತ್ ಕಾ ಕುವಾ’ ಎಂದೇ ಕರೆಯುವ ಹಲಗೆಯ ಬಾವಿ ಅದೇ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯಲ್ಲಿ ನಾಟಕ ಕಂಪನಿಗಳು ಡೇರೆ ಹೊಡೆದು ತಿಂಗಳುಗಟ್ಟಲೆ ಆಡುತ್ತವಲ್ಲ, ಬಾವಿಯ ಸವಾರನದೂ ಅಂಥದೇ ಬದುಕು: ಒಂದು ಜಾತ್ರೆ ಮುಗಿದರೆ ಇನ್ನೊಂದು. ಅವನ ಕೈ ಬಿಟ್ಟ ಸವಾರಿಗೆ ನೋಟು ಚಾಚುತ್ತೇವೆ, ಆದರೆ ಅವನ ಹೆಸರು ನಮಗೆ ಗೊತ್ತಿಲ್ಲ. ಅವನಿಗೆ ಎದುರಾಳಿಯಿಲ್ಲ, ಅಂಕವಿಲ್ಲ, ಹಾಗಾಗಿ ಅಭಿಮಾನಿಯೂ ಇಲ್ಲ. ಇರುವವನು ನೋಡುಗ ಮಾತ್ರ.

ಅಭಿಮಾನಿ ಹೇಗಿರುತ್ತಾನೆ? ಸ್ಪೀಡ್‌ವೇ ಕ್ರೀಡಾಂಗಣದಲ್ಲಿ ಅವನ ಕೈಯಲ್ಲಿ ಒಂದು ಕಾರ್ಯಕ್ರಮ ಪುಸ್ತಿಕೆ, ಒಂದು ಪೆನ್ನು. ಪುಸ್ತಿಕೆಯಲ್ಲಿ ಓಟದ ಪಟ್ಟಿ ಖಾಲಿ ಬಿಟ್ಟಿರುತ್ತಾರೆ. ಪ್ರತಿ ಓಟ ಮುಗಿದಂತೆ ಯಾರು ಮೊದಲು, ಯಾರು ಬಿದ್ದರು, ಸಮಯ ಎಷ್ಟು, ತಂಡದ ಮೊತ್ತ ಎಷ್ಟು ಎಂದು ನೋಡುಗನೇ ತುಂಬುತ್ತ ಹೋಗುತ್ತಾನೆ. ಅಪ್ಪ ತುಂಬಿದ ಪುಸ್ತಿಕೆಗಳನ್ನು ಮಕ್ಕಳು ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ. ಹೀಗೆ ಬರೆದವನು ಸುಮ್ಮನೆ ಕೂರುವನೇ? ಹೆಣ್ಣುಮಕ್ಕಳನ್ನು 1930ರಲ್ಲಿ ಬ್ರಿಟನ್ನಿನ ಟ್ರ್ಯಾಕ್‌ಗಳಿಂದ ಹೊರಗಿಟ್ಟದ್ದು ಸರಿಯೇ, ಐರ್ಲೆಂಡಿನ ಫೇ ಟೇಲರ್ ಗಂಡಸರನ್ನೇ ಹಿಂದೆ ಹಾಕುತ್ತಿರಲಿಲ್ಲವೇ ಎಂಬಲ್ಲಿಂದ ಹಿಡಿದು ಅವರ ವಾದ ಮುಗಿಯುವುದಿಲ್ಲ. ಬ್ರಿಟನ್ನಿನ ಅಭಿಮಾನಿಗಳ ದೊಡ್ಡ ದೂರು ‘ಅತಿಥಿ’ ಸವಾರರ ಬಗ್ಗೆ. ತಂಡದ ಸವಾರನಿಗೆ ಗಾಯವಾದರೆ ಬೇರೆ ತಂಡದವನನ್ನು ಆ ದಿನದ ಮಟ್ಟಿಗೆ ಕರೆತರಬಹುದು. ಹೋದ ವಾರ ನಮ್ಮನ್ನು ಸೋಲಿಸಿದವನಿಗೇ ಈ ವಾರ ಚಪ್ಪಾಳೆ ತಟ್ಟಬೇಕೆ ಎಂದು ಅವರು ಸಿಡುಕುತ್ತಾರೆ. ಒಬ್ಬನೇ ಸವಾರ ಒಂದೇ ವಾರದಲ್ಲಿ ಪೋಲೆಂಡ್, ಸ್ವೀಡನ್, ಬ್ರಿಟನ್ ಮೂರೂ ಲೀಗ್‌ಗಳಲ್ಲಿ ಓಡುವುದೂ ಅವರಿಗೆ ಸೇರದು. ಊರಿನ ತಂಡ ಎಂದ ಮೇಲೆ ಊರಿನ ಮೇಲೆ ಮಮತೆ ಬೇಡವೇ ಎಂಬ ಪ್ರಶ್ನೆಗೆ ಲೀಗ್ ನಡೆಸುವವರಲ್ಲಿ ನೇರ ಉತ್ತರವಿಲ್ಲ. ಅಭಿಮಾನಿಗಳದೇ ಸರಿ ಎಂದು ನನಗೂ ಅನ್ನಿಸುತ್ತದೆ.

ಇಂದು ಈ ಆಟದ ರಾಜಧಾನಿ ಪೋಲೆಂಡ್. ಅಲ್ಲಿ ಲೀಗ್ ಶುರುವಾದದ್ದು 1948ರಲ್ಲಿ. 1973ರಲ್ಲಿ ಹೋಜುವ್ ನಗರದಲ್ಲಿ ಲಕ್ಷ ಮೀರಿದ ಜನರೆದುರು ಯೆಜಿ ಶ್ಚಾಕೆಲ್ ಆ ದೇಶದ ಮೊದಲ ವಿಶ್ವ ಚಾಂಪಿಯನ್ ಆದ. ನಿರ್ಣಾಯಕ ಓಟದಲ್ಲಿ ನ್ಯೂಜಿಲೆಂಡಿನ ದಿಗ್ಗಜ ಐವನ್ ಮೌಗರ್ ಬಿದ್ದುಬಿಟ್ಟ. ಈ ಕಾಲದ ಬಾರ್ತೊಷ್ ಝ್ಮಾರ್ಜ್‌ಲಿಕ್ 2019ರಿಂದ 2024ರೊಳಗೆ ಐದು ಸಲ ವಿಶ್ವ ಚಾಂಪಿಯನ್. ಲೆಶ್ನೊ ಎಂಬ ಊರನ್ನು ನೋಡಿ. ಜನಸಂಖ್ಯೆ ಸುಮಾರು 60 ಸಾವಿರ, 2011ರ ಜನಗಣತಿಯ ಇಳಕಲ್‌ನಷ್ಟೇ. ಪೋಲೆಂಡಿನ ತಂಡ ಚಾಂಪಿಯನ್‌ಷಿಪ್ಪನ್ನು ಅತಿ ಹೆಚ್ಚು ಸಲ ಗೆದ್ದದ್ದು ಆ ಊರಿನ ಯೂನಿಯಾ ಕ್ಲಬ್. ಪೋಲೆಂಡಿನ ಅನೇಕ ಟ್ರ್ಯಾಕ್‌ಗಳಿಗೆ ಹಾಸುವುದು ಗ್ರಾನೈಟ್ ಪುಡಿ ಬೆರೆಸಿದ ಮಣ್ಣು. ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್‌ನಲ್ಲಿ ಕಲ್ಲುಪುಡಿಗೇನು ಬರವೇ!

ಕರ್ನಾಟಕಕ್ಕೂ ಈ ಆಟಕ್ಕೂ ನಂಟು ಜಾವಾ ಎಂಬ ಹೆಸರಿನದು. ಫ್ರಾಂಟಿಷೆಕ್ ಯಾನೆಚೆಕ್ 1929ರಲ್ಲಿ ಚೆಕ್ ನಾಡಿನಲ್ಲಿ ಕಟ್ಟಿದ ಕಂಪನಿ ಅದು. ಅದರ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕ್ ಮಾಡಿತು. ಮುಂದೆ ಅದೇ ಯೆಜ್ಡಿ ಆಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಎಪ್ಪತ್ತು ಎಂಬತ್ತರ ದಶಕದಲ್ಲಿ ನಮ್ಮ ಕಡೆ ಯೆಜ್ಡಿಯ ಸದ್ದು ಕೇಳಿಯೇ ಬಂದವರು ಯಾರೆಂದು ಗುರುತಿಸುತ್ತಿದ್ದರು. ಅತ್ತ ಚೆಕ್ ನಾಡಿನ ದಿವಿಷೊವ್‌ನಲ್ಲಿ ಎಸೊ ಎಂಬ ಸಣ್ಣ ಕಾರ್ಖಾನೆ ಸ್ಪೀಡ್‌ವೇ ಬೈಕ್ ಮಾಡುತ್ತಿತ್ತು. 1964ರಲ್ಲಿ ಅದು ಜಾವಾದೊಳಗೆ ಸೇರಿತು. ಅಲ್ಲಿಯವರೆಗೆ ದಶಕಗಳ ಕಾಲ ಟ್ರ್ಯಾಕ್ ಆಳಿದ್ದ ಇಂಗ್ಲೆಂಡಿನ ಜಾಪ್ ಎಂಜಿನ್ನನ್ನು ಹಿಂದೆ ಹಾಕಿ ಜಾವಾ ಮುಂದೆ ಬಂತು. ಮೈಸೂರಿನದು 250 ಸಿಸಿಯ ಟೂ-ಸ್ಟ್ರೋಕ್, ದಿವಿಷೊವ್‌ನದು 500 ಸಿಸಿಯ ಫೋರ್-ಸ್ಟ್ರೋಕ್. ಎಂಜಿನ್ನಿನೊಳಗೆ ಸಂಬಂಧವೇನಿಲ್ಲ, ಟ್ಯಾಂಕಿನ ಮೇಲಿನ ಹೆಸರು ಮಾತ್ರ ಒಂದು. ಬೈಕ್ ಬಂದಂತೆ ಆಟ ಬರಲಿಲ್ಲ.

ಬೈಕ್ ಕ್ರೀಡೆಯಲ್ಲಿ ನಮ್ಮವರು ಹೆಸರು ಮಾಡಿದ್ದು ಬೇರೆ ದಾರಿಯಲ್ಲಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಓಡಿದ ಮೊದಲ ಭಾರತೀಯ. ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ಪ್ರಶಸ್ತಿ ಗೆದ್ದಳು. 2024ರಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಶುರುವಾಗಿ ಪುಣೆ, ಅಹಮದಾಬಾದ್ ಮುಗಿಸಿ ಬೆಂಗಳೂರಿಗೂ ಬಂತು. ಮಣ್ಣಿನ ದಿಬ್ಬಗಳ ಮೇಲೆ ಹಾರುವ ಆ ಓಟ ಕಣ್ಣಿಗೆ ಹಬ್ಬ. ಆದರೆ ತಂಡಗಳು ಕಂಪನಿಗಳವು, ಊರುಗಳವಲ್ಲ. ಹುನಗುಂದದ ಹುಡುಗ ಅದರಲ್ಲಿ ಯಾರನ್ನು ತನ್ನವರೆಂದು ಕೂಗಬೇಕು?

ಅವನು ತನ್ನವರೆಂದು ಕೂಗುವ ಆಟ ಬೇರೆ ಇದೆ, ಮತ್ತು ಅಲ್ಲಿ ಬೈಕು ಓಡುವುದಿಲ್ಲ, ಬಹುಮಾನವಾಗಿ ವೇದಿಕೆಯ ಪಕ್ಕ ಹೂವಿನ ಹಾರ ಹಾಕಿಕೊಂಡು ನಿಂತಿರುತ್ತದೆ. ಜಾತ್ರೆ, ಉರುಸು ಬಂತೆಂದರೆ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ತೆರಬಂಡಿ, ಜೋಡೆತ್ತಿನ ಗಾಡಿ ಓಟ, ಈಚೆಗೆ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ. ತೆರಬಂಡಿಯಲ್ಲಿ ಭಾರದ ಬಂಡಿಯನ್ನು ಗೊತ್ತುಮಾಡಿದ ಹೊತ್ತಿನೊಳಗೆ ಜೋಡೆತ್ತು ಎಷ್ಟು ದೂರ ಎಳೆದವು ಎಂಬುದೇ ತೀರ್ಪು. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದು ಕಡೆ ಅಳತೆಯ ಟೇಪು, ಮೈಕಿನಲ್ಲಿ ಎತ್ತಿನ ಮಾಲಕನ ಹೆಸರು, ಊರು. ಟೇಪು ಸಡಿಲ ಹಿಡಿದರು, ಸೀಟಿ ತಡ ಊದಿದರು, ಬಾರುಕೋಲು ಮುಟ್ಟಿತು, ಮುಟ್ಟಲಿಲ್ಲ ಎಂದು ಎರಡೂರ ಮಂದಿ ಎದುರಾಬದುರಾ ನಿಲ್ಲುತ್ತಾರೆ. ಎತ್ತಿಗೆ ತಿನ್ನಿಸಿದ್ದೇನು, ಯಾವ ಸಂತೆಯಿಂದ ತಂದದ್ದು, ಎಷ್ಟು ಹಲ್ಲಿನದು ಎಂಬ ಚರ್ಚೆ ಚಹದಂಗಡಿಯಲ್ಲಿ ರಾತ್ರಿವರೆಗೂ ನಡೆಯುತ್ತದೆ. ಇಂಥ ನೋಡುಗರನ್ನು ಯಾವ ಲೀಗಾದರೂ ಕಣ್ಣಿಗೊತ್ತಿಕೊಂಡೀತು.

ಈ ಆಟಗಳೇನೂ ಸುಸೂತ್ರವಾಗಿ ನಡೆದುಬಂದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪು ಎತ್ತಿನ ಗಾಡಿ ಓಟಗಳಿಗೂ ತಡೆಯಾಯಿತು. ಕರ್ನಾಟಕ 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಕಂಬಳ ಮತ್ತು ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ಒಂಬತ್ತು ವರ್ಷದಲ್ಲಿ ಕಂಬಳದವರ ಮಾತಿಗೆ ತೂಕ ಬಂದದ್ದಕ್ಕೆ ಒಂದು ಕಾರಣವೆಂದರೆ ಅವರಲ್ಲಿ ಸಮಿತಿಯಿತ್ತು, ವರ್ಷದ ವೇಳಾಪಟ್ಟಿಯಿತ್ತು, ಓಟದ ಸಮಯದ ದಾಖಲೆಯಿತ್ತು. ಪ್ರಾಣಿಗೆ ಹಿಂಸೆಯಾಗದಂತೆ ಏನು ನಿಯಮವಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಕಾಗದ ಬೇಕು. ಊರಿಗೊಂದು ನಿಯಮ, ಜಾತ್ರೆಗೊಂದು ಅಳತೆ ಇರುವ ತೆರಬಂಡಿಗೆ ಆ ಬಲ ಕಡಿಮೆ.

ಕಾರಹುಣ್ಣಿಮೆಯ ಕರಿ ಹರಿಯುವುದನ್ನು ಇದಕ್ಕೆ ಹೋಲಿಸಬೇಡಿ. ಯಾವ ಬಣ್ಣದ ಎತ್ತು ಮುಂದೆ ಬಂತು ಎಂದು ನೋಡಿ ಆ ವರ್ಷ ಯಾವ ಬೆಳೆ ಚಲೋ ಎಂದು ಹೇಳುವ ಓಟ ಅದು. ಅಲ್ಲಿ ಫಲಿತಾಂಶ ಹೊಲದಲ್ಲೇ ದಾಖಲಾಗುತ್ತದೆ, ಬರೆದಿಡದಿದ್ದರೂ ನಡೆಯುತ್ತದೆ. ಸೈಕಲ್ಲಿನ ಉದಾಹರಣೆ ಹೆಚ್ಚು ಹತ್ತಿರದ್ದು. ಬಾಗಲಕೋಟೆ, ವಿಜಯಪುರ ಸೀಮೆಯ ರೈತರ ಮಕ್ಕಳು ರಾಷ್ಟ್ರೀಯ ಸೈಕ್ಲಿಂಗ್‌ನಲ್ಲಿ ಪದಕದ ಮೇಲೆ ಪದಕ ತಂದಿದ್ದಾರೆ. ಕಾಲಿನ ಬಲ ಮೊದಲೇ ಇತ್ತು. ಇಷ್ಟು ಕಿಲೋಮೀಟರಿಗೆ ಇಷ್ಟು ನಿಮಿಷ ಎಂದು ಬರೆದು ತೋರಿಸಲು ಆದದ್ದರಿಂದಲೇ ಕ್ರೀಡಾನಿಲಯದ ಬಾಗಿಲು ತೆರೆಯಿತು, ರಾಜ್ಯ ತಂಡದಲ್ಲಿ ಜಾಗ ಸಿಕ್ಕಿತು.

ತೆರಬಂಡಿಯನ್ನು ಯೂರೋಪಿನ ಲೀಗ್ ಮಾಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಪ್ರಾಯೋಜಕರು, ಟಿ.ವಿ., ಹರಾಜು ಇವೆಲ್ಲ ಬಂದರೆ ಎತ್ತಿನ ಮಾಲಕ ಕಣದ ಹೊರಗೆ ನಿಲ್ಲಬೇಕಾದೀತು. ಬೇಕಾದದ್ದು ಅದಕ್ಕಿಂತ ಬಹಳ ಕಡಿಮೆ. ಬಂಡಿಯ ಭಾರ, ಹೊತ್ತು, ಬಾರುಕೋಲಿನ ನಿಯಮ ತಾಲ್ಲೂಕಿನ ಎಲ್ಲ ಕಣಗಳಲ್ಲೂ ಒಂದೇ ಇರಲಿ. ಪಶುವೈದ್ಯರು ನೋಡಿದ ಮೇಲೆಯೇ ಎತ್ತು ಕಣಕ್ಕಿಳಿಯಲಿ. ಜಾತ್ರಾ ಕಮಿಟಿಯವರೇ, ಈ ಸಲದ ಕರಪತ್ರದ ಹಿಂಬದಿ ಖಾಲಿ ಬಿಡಬೇಡಿ. ಹೋದ ವರ್ಷ ಗೆದ್ದ ಜೋಡಿಗಳ ಹೆಸರು, ಊರು, ಎಳೆದ ದೂರ ಅಲ್ಲಿ ಅಚ್ಚು ಮಾಡಿಸಿ, ಕೆಳಗೆ ಈ ವರ್ಷದ ಫಲಿತಾಂಶಕ್ಕೆ ಖಾಲಿ ಗೆರೆ ಬಿಡಿ. ತುಂಬುವ ಕೆಲಸ ನೋಡಲು ಬಂದವರು ಮಾಡುತ್ತಾರೆ.