ಅಕೌಂಟ್ ತೆರೆಯುವ ಮೊದಲು ಐದು ಪ್ರಶ್ನೆ

ಕಳೆದ ಜೂನ್‌ನಲ್ಲಿ ನನಗೆ 18 ತುಂಬಿತು. ಆ ವಾರವೇ ಮೊಬೈಲ್‌ನಲ್ಲಿ ಹೊಸದೊಂದು ಬ್ಯಾಂಕ್ ಅಕೌಂಟ್ ತೆರೆದೆ. ಆಧಾರ್ ನಂಬರ್ ಹಾಕಿದೆ, ಒಟಿಪಿ ಹಾಕಿದೆ, ವಿಡಿಯೋದಲ್ಲಿ ಮುಖ ತೋರಿಸಿದೆ, ಕಂಡ ಚೌಕಕ್ಕೆಲ್ಲ ಟಿಕ್ ಒತ್ತಿದೆ. ಹತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಹೊಳೆನರಸೀಪುರದಲ್ಲಿ ಮನೆ ಹತ್ತಿರದ ಬ್ಯಾಂಕಿನಲ್ಲಿ ಅಬ್ಬಾ ನನಗೆ ಎಂಟನೇ ತರಗತಿಯಲ್ಲೇ ಮಾಡಿಸಿಕೊಟ್ಟ ಅಕೌಂಟ್ ಇತ್ತು. ಆದರೂ ಬಣ್ಣದ ಕಾರ್ಡ್ ಸಿಗುತ್ತದೆ ಎಂಬ ಆಸೆಗೆ ಇನ್ನೊಂದು ತೆರೆದಿದ್ದೆ.

ಡಿಸೆಂಬರ್‌ನಲ್ಲಿ ಕ್ಲಾಸಿನ ಹಲವರಿಗೆ ಸ್ಕಾಲರ್‌ಶಿಪ್ ಬಂತು. ನನಗೆ ಬರಲಿಲ್ಲ. ಅಮ್ಮಿ ಜೊತೆ ಮೂರು ಸಲ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆ. ಏನೂ ಇರಲಿಲ್ಲ. ಆ ಹಣವನ್ನೇ ನಂಬಿದ್ದ ಅಬ್ಬಾ, ಕೋಚಿಂಗ್ ಫೀಸಿಗೆ ಚಾಚಾ ಹತ್ತಿರ ಸಾಲ ಕೇಳಬೇಕಾಯಿತು. ಕೊನೆಗೆ ಕಾಲೇಜಿನ ಆಫೀಸಿನಲ್ಲಿ ಪೋರ್ಟಲ್ ತೆರೆದು ನೋಡಿದವರು, "ಹಣ ಜಮಾ ಆಗಿದೆಯಲ್ಲಮ್ಮ" ಎಂದರು. ಜಮಾ ಆಗಿದ್ದು ಮೊಬೈಲ್‌ನಲ್ಲಿ ತೆರೆದ ಆ ಹೊಸ ಅಕೌಂಟಿಗೆ. ಅಲ್ಲಿ ಕನಿಷ್ಠ ಬ್ಯಾಲೆನ್ಸ್ ಇಟ್ಟಿಲ್ಲವೆಂದು 590 ರೂಪಾಯಿ ಕಡಿತವೂ ಆಗಿತ್ತು.

ಅಬ್ಬಾ ಬೈಯಲಿಲ್ಲ. "ಚಪ್ಪಲಿ ತಗೊಳ್ಳೋವಾಗ ಕಾಲಿಗೆ ಹಾಕಿ ನೋಡ್ತೀಯಲ್ಲ, ಅಕೌಂಟ್ ತೆರೆಯೋವಾಗ ಯಾಕೆ ನೋಡಲಿಲ್ಲ?" ಎಂದರು, ಅಷ್ಟೆ. ಆಮೇಲೆ ನಾನು ಬ್ಯಾಂಕಿನವರನ್ನು, ನಮ್ಮ ವಾಣಿಜ್ಯ ವಿಭಾಗದ ಉಪನ್ಯಾಸಕರನ್ನು, ಬೇರೆ ಬೇರೆ ಊರಿನಿಂದ ಬರುವ ಗೆಳತಿಯರನ್ನು ಕೇಳಿ ತಿಳಿದುಕೊಂಡದ್ದನ್ನು ಐದು ಪ್ರಶ್ನೆಗಳಾಗಿ ಬರೆಯುತ್ತಿದ್ದೇನೆ. ಯಾವ ಬ್ಯಾಂಕ್ ಒಳ್ಳೆಯದು ಎಂದು ಕೇಳುವ ಮೊದಲು ಇವನ್ನು ಕೇಳಿಕೊಳ್ಳಿ.

1. ಈ ಅಕೌಂಟಿಗೆ ಯಾವ ಹಣ ಬರಬೇಕು?

ಸ್ಕಾಲರ್‌ಶಿಪ್ ಬರಬೇಕಾದರೆ ಇದೇ ಮೊದಲ ಪ್ರಶ್ನೆ. ಆಧಾರ್ ಆಧಾರದ ಮೇಲೆ ಸರ್ಕಾರ ಕಳಿಸುವ ಹಣ ಅಕೌಂಟ್ ನಂಬರ್ ನೋಡಿ ಬರುವುದಿಲ್ಲ. ನಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಎರಡು ಬ್ಯಾಂಕಿನಲ್ಲಿ ಅಕೌಂಟ್ ಇರಬಹುದು, ಆದರೆ ಈ ಜೋಡಣೆ ಒಂದು ಸಮಯಕ್ಕೆ ಒಂದೇ ಬ್ಯಾಂಕಿಗೆ. ನಾನು ಟಿಕ್ ಒತ್ತಿದ ಚೌಕಗಳಲ್ಲಿ ಒಂದು, ಸರ್ಕಾರದ ಹಣ ಇಲ್ಲಿಗೇ ಬರಲಿ ಎಂಬ ಒಪ್ಪಿಗೆಯಾಗಿತ್ತು.

ಇನ್ನೊಂದು ಮಾತು. ಗುರುತಿಗಾಗಿ ಆಧಾರ್ ಜೆರಾಕ್ಸ್ ಕೊಡುವುದು ಬೇರೆ, ಸರ್ಕಾರದ ಹಣ ಬರಲು ಆಧಾರ್ ಜೋಡಿಸುವುದು ಬೇರೆ. ಎರಡನೆಯದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಕೊಡಬೇಕು. ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ನೋಡಬಹುದು. ಸ್ಕಾಲರ್‌ಶಿಪ್ ಅರ್ಜಿ ಹಾಕುವ ದಿನವೇ ಇದನ್ನೂ ನೋಡಿಬಿಡಿ. ಮನೆಯಲ್ಲಿ ಅಮ್ಮಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ ಅವರಿಗೂ ಹೇಳಿ. ಹೊಸ ಅಕೌಂಟ್ ತೆರೆದು ಆಧಾರ್ ಬದಲಾಯಿಸಿದರೆ ಆ ಹಣವೂ ಹೀಗೇ ದಾರಿ ಬದಲಿಸುತ್ತದೆ.

2. ಖಾಲಿ ಬಿಟ್ಟರೆ ಏನಾಗುತ್ತದೆ?

ವಿದ್ಯಾರ್ಥಿಗಳ ಅಕೌಂಟ್ ವರ್ಷದಲ್ಲಿ ಹೆಚ್ಚು ದಿನ ಖಾಲಿಯೇ ಇರುತ್ತದೆ. ಕನಿಷ್ಠ ಬ್ಯಾಲೆನ್ಸ್ ಕೇಳುವ ಅಕೌಂಟ್ ನಮಗೆ ಹೊಂದುವುದಿಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡವನ್ನು ತೆಗೆದುಹಾಕಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತೆಗೆದಿದೆ. ಎಲ್ಲ ಬ್ಯಾಂಕೂ ಹಾಗಿಲ್ಲ. ಮೊದಲ ಕೆಲವು ತಿಂಗಳು ಮಾತ್ರ ಝೀರೋ ಬ್ಯಾಲೆನ್ಸ್ ಎಂದು ಹೇಳಿ ಆಮೇಲೆ ನಿಯಮ ಬದಲಾಗುವ ಅಕೌಂಟ್‌ಗಳೂ ಇವೆ. ನನ್ನದು ಅದೇ ಆಗಿತ್ತು.

ಯಾವ ಬ್ಯಾಂಕಿಗೆ ಹೋದರೂ 'ಬೇಸಿಕ್ ಸೇವಿಂಗ್ಸ್ ಅಕೌಂಟ್ ಬೇಕು' ಎಂದು ಕೇಳಬಹುದು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇದಕ್ಕೆ ಕನಿಷ್ಠ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡ್ ಉಚಿತ, ಹಣ ಹಾಕುವುದಕ್ಕೆ ಲೆಕ್ಕವಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ತೆಗೆಯಬಹುದು. 2014ರ ಆಗಸ್ಟ್ 28ರಂದು ಶುರುವಾದ ಜನ್ ಧನ್ ಖಾತೆಯೂ ಈ ಬಗೆಯದೇ. ಒಂದು ಷರತ್ತಿದೆ. ಇದನ್ನು ತೆರೆದ ಬ್ಯಾಂಕಿನಲ್ಲೇ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ಆದರೆ ಈಗಿರುವ ಖಾತೆಯನ್ನೇ ಬೇಸಿಕ್ ಮಾಡಿಕೊಡಿ ಎಂದು ಅರ್ಜಿ ಕೊಡಬಹುದು.

3. ಬ್ರಾಂಚ್ ಎಲ್ಲಿರಬೇಕು?

ಎಲ್ಲಾ ಮೊಬೈಲ್‌ನಲ್ಲೇ ಆಗುತ್ತದೆ ಎನ್ನುತ್ತಾರೆ. ಆದರೆ ಸಹಿ ಬದಲಾಯಿಸಲು, ಮೊಬೈಲ್ ನಂಬರ್ ಸರಿಪಡಿಸಲು, ಆಧಾರ್ ಜೋಡಣೆ ಕೆಟ್ಟಾಗ ಬ್ರಾಂಚಿಗೇ ಹೋಗಬೇಕಾಗುತ್ತದೆ. ಅರಕಲಗೂಡು ತಾಲೂಕಿನ ಹಳ್ಳಿಯಿಂದ ಬರುವ ನನ್ನ ಗೆಳತಿಯ ಬ್ಯಾಂಕ್ ಅವಳ ಊರಿನ ಕಡೆ ಇದೆ. ನಾವು ಹಾಸನದಿಂದ ಸಂಜೆ ಬಸ್ ಇಳಿಯುವ ಹೊತ್ತಿಗೆ ಬ್ಯಾಂಕ್ ಬಾಗಿಲು ಹಾಕಿರುತ್ತದೆ. ಶಕ್ತಿ ಯೋಜನೆಯಿಂದ ನಮಗೆ ಬಸ್ ಚಾರ್ಜ್ ಇಲ್ಲ ನಿಜ, ಆದರೆ ಒಂದು ಸಹಿಗೆ ಒಂದು ದಿನದ ಹಾಜರಿ ಹೋಗುತ್ತದೆ. ಅವಳು ಈಗ ಅದೇ ಬ್ಯಾಂಕಿನ ಹಾಸನದ ಬ್ರಾಂಚಿಗೆ ಖಾತೆ ವರ್ಗಾಯಿಸಿಕೊಂಡಿದ್ದಾಳೆ. ಚನ್ನರಾಯಪಟ್ಟಣದ ಗೆಳತಿಯದು ಇದಕ್ಕೆ ಉಲ್ಟಾ. ಅವಳು ಇಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ, ಅವಳ ಅಬ್ಬಾ ತೆಂಗಿನಕಾಯಿ ವ್ಯಾಪಾರಿ. ಖರ್ಚಿಗೆ ಅವರು ಊರಿನಲ್ಲೇ ಕೌಂಟರಿನಲ್ಲಿ ನಗದು ಕಟ್ಟುತ್ತಾರೆ. ಆದ್ದರಿಂದ ಎರಡೂ ಊರಿನಲ್ಲಿ ಬ್ರಾಂಚ್ ಇರುವ ಬ್ಯಾಂಕ್ ಅವಳಿಗೆ ಬೇಕಾಯಿತು.

ಬ್ಯಾಂಕೇ ದೂರವಿರುವ ಹಳ್ಳಿಯವರು ಅಂಚೆ ಕಚೇರಿಯನ್ನು ಮರೆಯಬೇಡಿ. ಅಂಚೆ ಉಳಿತಾಯ ಖಾತೆಯಲ್ಲಿ 500 ರೂಪಾಯಿ ಇಟ್ಟಿರಬೇಕು. 2018ರ ಸೆಪ್ಟೆಂಬರ್ 1ರಂದು ದೇಶಾದ್ಯಂತ ಶುರುವಾದ ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿ ಝೀರೋ ಬ್ಯಾಲೆನ್ಸ್ ಖಾತೆ ಸಿಗುತ್ತದೆ. ಅದರಲ್ಲಿ 2 ಲಕ್ಷ ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ. ನಮಗೆ ಆ ಚಿಂತೆ ಇಲ್ಲ!

4. ಏನೇನಕ್ಕೆ ಹಣ ಮುರಿಯುತ್ತಾರೆ?

ಕಾರ್ಡಿನ ವಾರ್ಷಿಕ ಶುಲ್ಕ, ಎಸ್ಸೆಮ್ಮೆಸ್ ಶುಲ್ಕ, ಬೇರೆ ಬ್ಯಾಂಕಿನ ಎಟಿಎಂನಲ್ಲಿ ಉಚಿತ ಮಿತಿ ಮೀರಿ ತೆಗೆದರೆ ಶುಲ್ಕ, ಇವುಗಳ ಮೇಲೆ ಶೇ. 18 ಜಿಎಸ್‌ಟಿ. ನನ್ನ 590 ಅಂದರೆ 500 ರೂಪಾಯಿ ದಂಡ, 90 ರೂಪಾಯಿ ತೆರಿಗೆ. ಶುಲ್ಕದ ಪಟ್ಟಿ ಕೇಳಿ ಪಡೆಯಿರಿ. ಬ್ಯಾಲೆನ್ಸ್ ಕಡಿಮೆಯಾದಾಗ ಬ್ಯಾಂಕ್ ಮೊದಲು ತಿಳಿಸಬೇಕು, ಸರಿಪಡಿಸಲು ಸಮಯ ಕೊಡಬೇಕು, ದಂಡದಿಂದಾಗಿ ಖಾತೆ ಮೈನಸ್‌ಗೆ ಇಳಿಯಬಾರದು ಎಂಬ ನಿಯಮ 2015ರ ಏಪ್ರಿಲ್‌ನಿಂದ ಇದೆ. ತಪ್ಪಾಗಿ ಮುರಿದಿದ್ದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಿ.

ಉಳಿತಾಯ ಖಾತೆಗೆ ಬಡ್ಡಿ ಬರುತ್ತದೆ. ಅದನ್ನು ಮನೆಯ ಹಣಕ್ಕೆ ಸೇರಿಸಲು ಇಷ್ಟಪಡದವರು ನಮ್ಮಲ್ಲಿ ಅನೇಕರಿದ್ದಾರೆ. ಅದನ್ನು ಏನು ಮಾಡಬೇಕು ಎಂಬುದನ್ನು ಮನೆಯ ಹಿರಿಯರನ್ನು, ಆಲಿಮರನ್ನು ಕೇಳಿ. ಪಾಸ್‌ಬುಕ್‌ನಲ್ಲಿ ಬಡ್ಡಿ ಬೇರೆ ಸಾಲಾಗಿಯೇ ಬರುವುದರಿಂದ ಎಷ್ಟೆಂದು ಲೆಕ್ಕ ಹಿಡಿಯುವುದು ಕಷ್ಟವಲ್ಲ.

5. ಹಣ ಭದ್ರವೇ?

ವಿಮೆ ಇರುವ ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ರಕ್ಷಣೆ ಇದೆ. 2020ರ ಫೆಬ್ರವರಿಗೆ ಮೊದಲು ಇದು 1 ಲಕ್ಷ ಮಾತ್ರ ಇತ್ತು. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಬರುತ್ತವೆ, ಆದರೆ ಸಹಕಾರ ಸಂಘ, ಸೊಸೈಟಿಗಳು ಬರುವುದಿಲ್ಲ. ಬೋರ್ಡಿನಲ್ಲಿ ಏನು ಬರೆದಿದೆ ಎಂದು ಓದಿ.

ಬ್ಯಾಂಕಿನ ಹೆಸರು ಬದಲಾದರೆ ಹೆದರಬೇಡಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿಗೆ ಸೇರಿತು. ನಮ್ಮ ಹಿರಿಯರು ಇಂದಿಗೂ 'ಮೈಸೂರು ಬ್ಯಾಂಕ್' ಎನ್ನುವ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು. ಹಣ ಎಲ್ಲೂ ಹೋಗಲಿಲ್ಲ. ಆದರೆ ಐಎಫ್‌ಎಸ್‌ಸಿ ಕೋಡ್ ಬದಲಾಗಿದೆ. ಹಳೆ ಪಾಸ್‌ಬುಕ್ ನೋಡಿ ಅರ್ಜಿ ತುಂಬಬೇಡಿ.

ಇನ್ನೂ 18 ಆಗದವರಿಗೆ ಒಂದು ಮಾತು. 10 ವರ್ಷ ದಾಟಿದವರು ತಾವೇ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಎಟಿಎಂ ಕಾರ್ಡ್, ಮೊಬೈಲ್ ಬ್ಯಾಂಕಿಂಗ್ ಕೊಡುವುದು ಆಯಾ ಬ್ಯಾಂಕಿಗೆ ಬಿಟ್ಟದ್ದು. 18 ತುಂಬಿದ ಮೇಲೆ ಬ್ರಾಂಚಿಗೆ ಹೋಗಿ ಹೊಸ ಸಹಿ ಕೊಡಬೇಕು. ನಾನು ಜೂನ್‌ನಲ್ಲಿ ಮಾಡಬೇಕಿದ್ದ ಕೆಲಸ ಅದೊಂದೇ.

ಈಗ ಹೊಸ ಅಕೌಂಟ್ ಮುಚ್ಚಿಸಿದ್ದೇನೆ. ಆಧಾರ್ ಜೋಡಣೆ ಹೊಳೆನರಸೀಪುರದ ಹಳೇ ಬ್ಯಾಂಕಿಗೆ ಮರಳಿದೆ. ಉಳಿದ ಹಣದಲ್ಲಿ ಚಾಚಾ ಸಾಲ ತೀರಿತು. 590 ರೂಪಾಯಿ ವಾಪಸು ಬರಲಿಲ್ಲ. ಬ್ಯಾಂಕಿನವರು ಮೊದಲೇ ಮೆಸೇಜ್ ಕಳಿಸಿದ್ದರು, ನಾನು ಓದಿರಲಿಲ್ಲ. ನೀವು ಇಂದು ಸಂಜೆ ಮನೆಗೆ ಹೋದ ಮೇಲೆ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಒಮ್ಮೆ ನೋಡಿ. ಐದು ನಿಮಿಷ ಸಾಕು.