ಯುದ್ಧ ಬೇಡ ಎಂದವರ ಹದಿನೈದು ತಿಂಗಳು

‘ಅಮೆರಿಕ ಫಸ್ಟ್’ ಎಂದೊಡನೆ ಈಗ ಟ್ರಂಪ್ ಮುಖ ಕಣ್ಣಮುಂದೆ ಬರುತ್ತದೆ. ಆದರೆ ಅದೇ ಹೆಸರಿನ ಸಮಿತಿಯೊಂದು 1940ರ ಸೆಪ್ಟೆಂಬರಿನಲ್ಲೇ ಹುಟ್ಟಿತ್ತು, ಯೇಲ್‌ನ ಕಾನೂನು ವಿದ್ಯಾರ್ಥಿಗಳ ಓಡಾಟದಿಂದ. ಫ್ರಾನ್ಸ್ ಹಿಟ್ಲರನ ವಶವಾಗಿತ್ತು, ಲಂಡನ್ ಮೇಲೆ ಬಾಂಬು ಬೀಳುತ್ತಿತ್ತು. ಯುರೋಪಿನವರ ಜಗಳಕ್ಕೆ ನಾವೇಕೆ ಸಾಯಬೇಕು ಎಂದು ಈ ಹುಡುಗರು ಕೇಳಿದರು.

ಯುರೋಪಿನ ರಾಜಕೀಯ ನಂಟು ಬೇಡವೆಂದು ಜಾರ್ಜ್ ವಾಷಿಂಗ್ಟನ್ 1796ರಲ್ಲೇ ಎಚ್ಚರಿಸಿದ್ದರು ನಿಜ. ಆದರೆ ಜನರನ್ನು ಕಾಡುತ್ತಿದ್ದದ್ದು 1917ರ ನೆನಪು. ದೇಶವನ್ನು ಯುದ್ಧದಿಂದ ದೂರವಿಟ್ಟವರು ಎಂಬ ಪ್ರಚಾರದ ಮೇಲೆ ಚುನಾವಣೆ ಗೆದ್ದ ವುಡ್ರೋ ವಿಲ್ಸನ್ ಮರುವರ್ಷವೇ ಯುದ್ಧಕ್ಕಿಳಿದರು. ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಆ ಯುದ್ಧದಲ್ಲಿ ಶಸ್ತ್ರ ವ್ಯಾಪಾರಿಗಳು ಬಾಚಿಕೊಂಡ ಲಾಭವನ್ನು ಸೆನೆಟರ್ ಜೆರಾಲ್ಡ್ ನೈ ಸಮಿತಿ ಬಯಲಿಗೆಳೆದಾಗ ಜನ ಕೆರಳಿದರು. 1935ರಿಂದ ಒಂದರ ಹಿಂದೊಂದು ಬಂದ ತಟಸ್ಥ ಕಾಯ್ದೆಗಳಲ್ಲಿ ಆ ಸಿಟ್ಟಿದೆ. ಇವರನ್ನೆಲ್ಲ ಹೇಡಿಗಳೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ಸಮಿತಿಗೆ ಸುಮಾರು 8 ಲಕ್ಷ ಸದಸ್ಯರಾದರು. ಅಧ್ಯಕ್ಷರು ಸಿಯರ್ಸ್ ಕಂಪನಿಯ ರಾಬರ್ಟ್ ವುಡ್. ಸಭೆಗಳಲ್ಲಿ ಮಾತಾಡಿದವರಲ್ಲಿ ಸಮಾಜವಾದಿ ನಾರ್ಮನ್ ಥಾಮಸ್ ಕೂಡ ಒಬ್ಬರು! ಜನ ಮುಗಿಬೀಳುತ್ತಿದ್ದದ್ದು ಮಾತ್ರ ವಿಮಾನವೀರ ಚಾರ್ಲ್ಸ್ ಲಿಂಡ್‌ಬರ್ಗ್ ಭಾಷಣಕ್ಕೆ. ಸಮಿತಿಯ ಮಾನ ಕಳೆದವರೂ ಅವರೇ. 1941ರ ಸೆಪ್ಟೆಂಬರ್ 11ರಂದು ಡೆ ಮಾಯ್ನ್ ನಗರದಲ್ಲಿ, ದೇಶವನ್ನು ಯುದ್ಧಕ್ಕೆ ನೂಕುತ್ತಿರುವವರು ಬ್ರಿಟಿಷರು, ಯಹೂದಿಗಳು ಮತ್ತು ರೂಸ್ವೆಲ್ಟ್ ಸರ್ಕಾರ ಎಂದುಬಿಟ್ಟರು. ಯುದ್ಧವಿರೋಧದ ಒಳಗಿದ್ದ ಯಹೂದಿ ದ್ವೇಷ ಬಯಲಾಯಿತು.

ಹಾಗೆಂದು ರೂಸ್ವೆಲ್ಟ್ ಹಾದಿಯೂ ಸಲೀಸಾಗಿರಲಿಲ್ಲ. ಬ್ರಿಟನ್ನಿಗೆ ಶಸ್ತ್ರ ಕೊಡುವ ಲೆಂಡ್-ಲೀಸ್ ಕಾಯ್ದೆಯೇನೋ ಮಾರ್ಚ್‌ನಲ್ಲಿ ಪಾಸಾಗಿತ್ತು. ಆದರೆ ಕಡ್ಡಾಯವಾಗಿ ಸೇರಿಸಿಕೊಂಡ ಸೈನಿಕರ ಸೇವಾವಧಿ ವಿಸ್ತರಿಸುವ ಮಸೂದೆ ಆಗಸ್ಟ್‌ನಲ್ಲಿ ಕೆಳಮನೆ ದಾಟಿದ್ದು 203-202ರಲ್ಲಿ, ಒಂದೇ ಮತದ ಅಂತರದಿಂದ.

ಡಿಸೆಂಬರ್ 7ರಂದು ಜಪಾನಿನ ಬಾಂಬುಗಳು ಪರ್ಲ್ ಹಾರ್ಬರ್ ಮೇಲೆ ಬಿದ್ದವು. ಮರುದಿನ ಯುದ್ಧ ಘೋಷಣೆಗೆ ಕೆಳಮನೆಯಲ್ಲಿ ಬೇಡವೆಂದವರು ಮೊಂಟಾನಾದ ಜೆನೆಟ್ ರ‍್ಯಾಂಕಿನ್ ಒಬ್ಬರೇ. 1917ರಲ್ಲೂ ಅವರು ವಿರೋಧಿಸಿದ್ದರು, ಆಗ ಜೊತೆಗೆ 49 ಮಂದಿಯಿದ್ದರು. ಸಮಿತಿ ಅದೇ ವಾರ ಬಾಗಿಲು ಹಾಕಿತು. ಯಾವ ಪಕ್ಷದ ವಾದವೂ ಗೆಲ್ಲಲಿಲ್ಲ, ಬಾಂಬು ಬಿದ್ದು ವಾದವೇ ನಿಂತಿತು. ವಿಯೆಟ್ನಾಂನಲ್ಲಿ, ಇರಾಕ್‌ನಲ್ಲಿ ಅದು ಮತ್ತೆ ತಲೆ ಎತ್ತಿದ್ದರಲ್ಲಿ ನನಗೆ ಅಚ್ಚರಿಯಿಲ್ಲ.

ಯೇಲ್‌ನ ಆ ಹುಡುಗರಲ್ಲಿ ಜೆರಾಲ್ಡ್ ಫೋರ್ಡ್ ಎಂಬವರೂ ಇದ್ದರು. 1975ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿ ಅವರು ದಕ್ಷಿಣ ವಿಯೆಟ್ನಾಂಗೆ 72.2 ಕೋಟಿ ಡಾಲರ್ ಸೇನಾ ನೆರವು ಕೇಳಿದರು. ಕಾಂಗ್ರೆಸ್ ಕೊಡಲಿಲ್ಲ.