ಈಜಿಗೆ ಯೋಗದ ನೆರವು

ಬೇಸಿಗೆ ರಜೆ ಬಂತೆಂದರೆ ಊರಿನ ಬಾವಿ, ಕೆರೆಗಳಲ್ಲೂ ನಗರದ ಈಜುಕೊಳಗಳಲ್ಲೂ ಮಕ್ಕಳ ಗದ್ದಲವೋ ಗದ್ದಲ. ಈಜು ಇಡೀ ದೇಹಕ್ಕೆ ವ್ಯಾಯಾಮ ನೀಡುತ್ತದೆ ಎಂಬುದು ನಿಮಗೆಲ್ಲ ತಿಳಿದದ್ದೇ. ಹಾಗಿದ್ದರೆ ಈಜುವವರಿಗೆ ನೆಲದ ಮೇಲೆ ಬೇರೆ ಅಭ್ಯಾಸ ಏಕೆ ಬೇಕು? ಅದರಲ್ಲೂ ನಿಧಾನವಾಗಿ ಮಾಡುವ ಯೋಗಾಸನದಿಂದ, ವೇಗವೇ ಮುಖ್ಯವಾದ ಈಜಿಗೆ ಏನು ಪ್ರಯೋಜನ? ಈ ಪ್ರಶ್ನೆಗೆ ಉತ್ತರ ಹುಡುಕೋಣ. ಜೊತೆಗೆ, ಯೋಗದ ತರಗತಿಯಲ್ಲಿ ಕಲಿತ ಒಂದು ಅಭ್ಯಾಸವನ್ನು ನೀರಿಗೆ ಒಯ್ಯಲೇಬಾರದು. ಅದು ಯಾವುದು, ಏಕೆ ಎಂಬುದನ್ನೂ ತಿಳಿಯೋಣ.

ನೀರು ಒಡ್ಡುವ ತಡೆ

ನೀರಿನ ಸಾಂದ್ರತೆ ಗಾಳಿಯ ಸಾಂದ್ರತೆಗಿಂತ ಸುಮಾರು 800 ಪಟ್ಟು ಹೆಚ್ಚು. ಈಜುವವರ ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ತೋಳಿನ ಬಲವನ್ನಷ್ಟೇ ಹೆಚ್ಚಿಸಿಕೊಂಡರೆ ಸಾಲದು. ತಡೆಯನ್ನು ಕಡಿಮೆ ಮಾಡಿಕೊಳ್ಳುವುದೂ ಅಷ್ಟೇ ಅಗತ್ಯ.

ಈಜುಗಾರರನ್ನು ಚಿತ್ರೀಕರಿಸಿ, ಸಂಕಲನದ ಕೊಠಡಿಯಲ್ಲಿ ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ ನೋಡಿದರೆ ಈ ಮಾತು ಕಣ್ಣಿಗೆ ಕಾಣುತ್ತದೆ. ಕೊಳದ ಗೋಡೆಯನ್ನು ಒದ್ದು ಹೊರಟ ಒಬ್ಬರ ತೋಳುಗಳು ಕಿವಿಗಳನ್ನು ಒತ್ತಿಕೊಂಡು ದೇಹ ಬಾಣದಂತೆ ನೇರವಾಗಿರುತ್ತದೆ. ಪಕ್ಕದವರ ತೋಳು ಪೂರ್ತಿ ಮೇಲಕ್ಕೆ ಬಾರದು. ಆ ಕೊರತೆ ತುಂಬಲು ಸೊಂಟ ಬಾಗುತ್ತದೆ, ಹೊಟ್ಟೆ ಕೆಳಗೆ ಜೋಲುತ್ತದೆ, ನೀರಿಗೆ ಎದುರಾಗುವ ಮೈ ಅಗಲವಾಗುತ್ತದೆ. ಇವರಿಗೆ ಬಲ ಕಡಿಮೆ ಎಂದಲ್ಲ, ಭುಜ ಬಿಗಿ.

ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಗೋಡೆಗೆ ಬೆನ್ನು ತಾಗಿಸಿ ನಿಂತು, ಮೊಣಕೈ ಮಡಿಸದೆ ಎರಡೂ ತೋಳುಗಳನ್ನು ಮೇಲೆತ್ತಿ. ಸೊಂಟ ಮುಂದಕ್ಕೆ ಬಾಗದೆ ಹೆಬ್ಬೆರಳುಗಳು ಗೋಡೆಯನ್ನು ಮುಟ್ಟುತ್ತವೆಯೇ? ಮುಟ್ಟದಿದ್ದರೆ ನೀರಿನಲ್ಲಿಯೂ ನಿಮ್ಮ ದೇಹ ನೇರವಾಗುವುದು ಕಷ್ಟ. ತೋಳುಗಳನ್ನು ಮೇಲೆತ್ತಿ ಮಾಡುವ ತಾಡಾಸನ ಇಲ್ಲಿ ನೆರವಿಗೆ ಬರುತ್ತದೆ.

ಭುಜ, ಬೆನ್ನು, ಪಾದ

25 ಮೀಟರ್ ಉದ್ದದ ಕೊಳವನ್ನು 16 ಬೀಸುಗಳಲ್ಲಿ ದಾಟುವವರು 3 ಕಿಲೋಮೀಟರ್ ಈಜಿದರೆ 1,920 ಬಾರಿ ತೋಳು ಬೀಸಿರುತ್ತಾರೆ. ಅಷ್ಟು ಸಲವೂ ಹೆಚ್ಚಾಗಿ ದುಡಿಯುವುದು ನೀರನ್ನು ಹಿಂದಕ್ಕೆ ಎಳೆಯುವ ಎದೆಯ ಮತ್ತು ಪಕ್ಕೆಯ ದೊಡ್ಡ ಸ್ನಾಯುಗಳು. ಹೆಗಲೆಲುಬನ್ನು ಹಿಂದಕ್ಕೆ ಹಿಡಿದಿಡುವ ಸಣ್ಣ ಸ್ನಾಯುಗಳು ಹಿಂದುಳಿಯುತ್ತವೆ. ಭುಜಗಳು ಮುಂದಕ್ಕೆ ಬಾಗುತ್ತವೆ. ತೋಳೆತ್ತಿದಾಗಲೆಲ್ಲ ಕೀಲಿನೊಳಗಿನ ಸ್ನಾಯುರಜ್ಜು ನವೆದು ನೋವು ಶುರುವಾಗುತ್ತದೆ. ಇದಕ್ಕೆ ‘ಈಜುಗಾರರ ಭುಜ’ ಎಂದೇ ಹೆಸರು.

ಭುಜಂಗಾಸನ ಮತ್ತು ಶಲಭಾಸನಗಳು ಈ ಅಸಮತೋಲನವನ್ನು ತಿದ್ದಲು ಸಹಾಯ ಮಾಡುತ್ತವೆ. ಎರಡರಲ್ಲೂ ಎದೆ ಅರಳಿ ಬೆನ್ನಿನ ಸ್ನಾಯುಗಳು ದುಡಿಯುತ್ತವೆ. ಭುಜಂಗಾಸನದಲ್ಲಿ ಕೈಗಳ ಮೇಲೆ ಭಾರ ಹಾಕದೆ, ಬೆನ್ನಿನ ಬಲದಿಂದಲೇ ಮೇಲೇಳಬೇಕು. ನೌಕಾಸನ ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವುದರಿಂದ, ಈಜುವಾಗ ಸೊಂಟ ಕೆಳಗಿಳಿಯದಂತೆ ತಡೆಯಲು ಅನುಕೂಲ.

ಇನ್ನು ಪಾದ. ಫ್ರೀಸ್ಟೈಲ್‌ನಲ್ಲಿ ಕಾಲು ಬಡಿಯುವಾಗ ಪಾದ ಮೀನಿನ ಬಾಲದಂತೆ ಹಿಂದಕ್ಕೆ ಚಾಚಿಕೊಳ್ಳಬೇಕು. ಪಾದದ ಕೀಲು ಬಿಗಿಯಾಗಿದ್ದರೆ ಎಷ್ಟು ಬಡಿದರೂ ಮುಂದೆ ಸಾಗುವುದು ಸ್ವಲ್ಪವೇ. ವಜ್ರಾಸನದಲ್ಲಿ ಕುಳಿತಾಗ ಈ ಕೀಲು ನಿಧಾನವಾಗಿ ಸಡಿಲಗೊಳ್ಳುತ್ತದೆ. ಬ್ರೆಸ್ಟ್‌ಸ್ಟ್ರೋಕ್‌ಗೆ ಬೇಕಾದದ್ದು ಇದಕ್ಕೆ ವಿರುದ್ಧ: ಪಾದ ಮೇಲಕ್ಕೆ ಮಡಿದು ಹೊರಕ್ಕೆ ತಿರುಗಬೇಕು. ಅದಕ್ಕೆ ಹಿಮ್ಮಡಿ ಊರಿ ಕುಕ್ಕರಗಾಲಿನಲ್ಲಿ ಕೂರುವುದು ಒಳ್ಳೆಯದು. ಮಂಡಿನೋವು ಇರುವವರು ವಜ್ರಾಸನದಲ್ಲಿ ಹಟಕ್ಕೆ ಬಿದ್ದು ಕೂರಬಾರದು.

ಒಂದು ಮಾತು. ಕೆಲವರ ಕೀಲುಗಳು ಹುಟ್ಟಿನಿಂದಲೇ ಸಡಿಲ. ಅಂಥವರು ಭುಜವನ್ನು ಇನ್ನಷ್ಟು ಎಳೆದು ಬಾಗಿಸುವ ಬದಲು, ಬಲ ಕೊಡುವ ಆಸನಗಳಿಗೆ ಗಮನ ಕೊಡಬೇಕು.

ಉಸಿರಿನ ಪಾಠ

ಫ್ರೀಸ್ಟೈಲ್ ಕಲಿಯುವವರು ಬೇಗ ಸುಸ್ತಾಗಲು ಮುಖ್ಯ ಕಾರಣ ಉಸಿರು. ಮುಖ ನೀರಿನಲ್ಲಿರುವಾಗ ಉಸಿರನ್ನು ಹಿಡಿದುಕೊಂಡು, ತಲೆ ಹೊರಳಿಸಿದ ಕ್ಷಣದಲ್ಲಿಯೇ ಹೊರಬಿಡಲೂ ಒಳತೆಗೆದುಕೊಳ್ಳಲೂ ಹವಣಿಸುತ್ತಾರೆ. ಎರಡಕ್ಕೂ ಸಮಯ ಸಾಲುವುದಿಲ್ಲ. ಜೊತೆಗೆ ನೀರು ಎದೆಯನ್ನು ಒತ್ತುವುದರಿಂದ ಉಸಿರಾಟದ ಸ್ನಾಯುಗಳಿಗೆ ನೆಲದ ಮೇಲಿಗಿಂತ ಹೆಚ್ಚು ಕೆಲಸ.

ಪ್ರಾಣಾಯಾಮದಲ್ಲಿ ಉಸಿರನ್ನು ಒಳತೆಗೆದುಕೊಳ್ಳುವ ಪೂರಕಕ್ಕಿಂತ, ಹೊರಬಿಡುವ ರೇಚಕವನ್ನು ನಿಧಾನವಾಗಿ, ದೀರ್ಘವಾಗಿ ಮಾಡಲು ಕಲಿಸುತ್ತಾರೆ. ಈಜುಗಾರರಿಗೆ ಬೇಕಾದದ್ದೂ ಇದೇ: ನೀರಿನೊಳಗೆ ಗಾಬರಿಯಿಲ್ಲದೆ ಒಂದೇ ಸಮನೆ ಉಸಿರು ಬಿಡುವುದು. ಆದರೆ ಪ್ರಾಣಾಯಾಮದಲ್ಲಿ ಸಾಮಾನ್ಯವಾಗಿ ಮೂಗಿನಿಂದಲೇ ಉಸಿರು ತೆಗೆದುಕೊಂಡರೆ, ಈಜುವಾಗ ಬಾಯಿಯಿಂದ ತೆಗೆದುಕೊಳ್ಳಬೇಕು ಎಂಬುದನ್ನು ಮರೆಯದಿರಿ.

ನೀರಿಗೆ ಒಯ್ಯಬಾರದ ಅಭ್ಯಾಸ

ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂಬ ಪಂದ್ಯ ಮಕ್ಕಳಲ್ಲಿ ಸಾಮಾನ್ಯ. ಪ್ರಾಣಾಯಾಮ ಕಲಿತವರಿಗೆ, ಮೊದಲು ಭಸ್ತ್ರಿಕೆಯಂತೆ ರಭಸದಿಂದ ಉಸಿರಾಡಿ ಬಳಿಕ ಕುಂಭಕ ಮಾಡಿ ಮುಳುಗಿದರೆ ಗೆಲ್ಲಬಹುದು ಎನಿಸಬಹುದು. ಇದು ಪ್ರಾಣಕ್ಕೇ ಅಪಾಯ.

ಕಾರಣ ಕೇಳಿ. ಉಸಿರು ಬೇಕೆಂಬ ತಹತಹ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಆಮ್ಲಜನಕ ಕಡಿಮೆಯಾದದ್ದು ಅಷ್ಟು ಬೇಗ ಅರಿವಿಗೆ ಬರುವುದಿಲ್ಲ. ಆರೋಗ್ಯವಂತರ ರಕ್ತದಲ್ಲಿರುವ ಹಿಮೋಗ್ಲೋಬಿನ್ ಸಹಜ ಉಸಿರಾಟದಲ್ಲಿಯೇ ಬಹುತೇಕ ಪೂರ್ತಿಯಾಗಿ ಆಮ್ಲಜನಕವನ್ನು ತುಂಬಿಕೊಂಡಿರುತ್ತದೆ. ಆದ್ದರಿಂದ ರಭಸವಾಗಿ ಉಸಿರಾಡಿದರೆ ಆಮ್ಲಜನಕದ ದಾಸ್ತಾನು ಹೆಚ್ಚುವುದು ಅತ್ಯಲ್ಪ. ಇಂಗಾಲದ ಡೈಆಕ್ಸೈಡ್ ಮಾತ್ರ ಬಹಳಷ್ಟು ಹೊರಹೋಗುತ್ತದೆ. ಅಂದರೆ ಎಚ್ಚರಿಕೆಯ ಗಂಟೆಯನ್ನೇ ಕಿತ್ತುಹಾಕಿದಂತಾಯಿತು. ಉಸಿರು ಬೇಕೆನಿಸುವ ಮೊದಲೇ ಮಿದುಳಿಗೆ ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪುತ್ತದೆ. ಬಳಿಕ ದೇಹ ತಾನಾಗಿ ಉಸಿರೆಳೆದರೆ ಶ್ವಾಸಕೋಶಕ್ಕೆ ನುಗ್ಗುವುದು ನೀರು. ಕೂಗು ಇಲ್ಲ, ಒದ್ದಾಟ ಇಲ್ಲ. ದಡದಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ. ಎದೆಮಟ್ಟದ ನೀರಿನಲ್ಲಿಯೂ, ಚೆನ್ನಾಗಿ ಈಜು ಬಲ್ಲವರಿಗೂ ಹೀಗಾಗಬಹುದು.

ಆದ್ದರಿಂದ ಮುಳುಗುವ ಪಂದ್ಯ ಕಟ್ಟಬೇಡಿ. ಕುಂಭಕ, ಕಪಾಲಭಾತಿ, ಭಸ್ತ್ರಿಕೆಗಳು ನೆಲದ ಮೇಲೆ, ಗುರುಗಳ ಎದುರಿನಲ್ಲಿಯೇ ಇರಲಿ. ಒಬ್ಬರೇ ಈಜಬೇಡಿ. ನೀರಿನಲ್ಲಿ ಯಾರಾದರೂ ಅಲುಗಾಡದೆ ಇದ್ದರೆ ‘ಆಟವಾಡುತ್ತಿದ್ದಾನೆ’ ಎಂದು ಕಾಯುತ್ತಾ ನಿಲ್ಲದೆ ಕೂಡಲೇ ದೊಡ್ಡವರನ್ನು ಕೂಗಿ. ಹೊರಗೆ ತೆಗೆದು, ಉಸಿರಿಲ್ಲದಿದ್ದರೆ ಕೃತಕ ಉಸಿರಾಟ ಮತ್ತು ಎದೆ ಒತ್ತುವ ಚಿಕಿತ್ಸೆ ಆರಂಭಿಸಬೇಕು. ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ.

ಯಾವಾಗ, ಎಷ್ಟು?

ಈಜಿಗೆ ಇಳಿಯುವ ಮೊದಲು ತೋಳು ತಿರುಗಿಸುವಂಥ ಚುರುಕಾದ ಚಲನೆಗಳು ಸಾಕು. ಸ್ನಾಯುಗಳನ್ನು ಬಹಳ ಹೊತ್ತು ಎಳೆದು ಹಿಡಿದರೆ ಅವುಗಳ ಬಲ ಸ್ವಲ್ಪ ಸಮಯ ಕುಗ್ಗುತ್ತದೆ. ಆಸನಗಳಿಗೆ ಈಜು ಮುಗಿದು ಮೈ ಬೆಚ್ಚಗಿರುವಾಗ ಅಥವಾ ಈಜಿಲ್ಲದ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಮಯ ಮಾಡಿಕೊಳ್ಳಿ. ವಾರಕ್ಕೆ ಮೂರು ದಿನ, 20 ನಿಮಿಷ ಸಾಕು. ಒಂದೊಂದು ಆಸನದಲ್ಲಿ ಐದು ನಿಧಾನವಾದ ಉಸಿರಿನಷ್ಟು ಹೊತ್ತು ಇರಿ. ಉಸಿರು ಬಿಗಿಹಿಡಿಯುವಂತಾದರೆ ಮಿತಿ ಮೀರಿದಿರಿ ಎಂದರ್ಥ. ಕೊನೆಗೆ ಐದು ನಿಮಿಷ ಶವಾಸನ.

ಎರಡು ತಿಂಗಳು ಬಿಡದೆ ಅಭ್ಯಾಸ ಮಾಡಿ. ಬಳಿಕ ಗೋಡೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಿ. ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಬೀಸು ಬೇಕಾಗುತ್ತವೆ ಎಂಬುದನ್ನು ಇಂದೇ ಎಣಿಸಿ ಬರೆದಿಡಿ. ಆಗಲೂ ಅದೇ ವೇಗದಲ್ಲಿ ಈಜಿ, ಎಣಿಸಿ ಹೋಲಿಸಿ. ಪ್ರಯೋಜನವಾಗಿದೆಯೇ ಇಲ್ಲವೇ ಎಂಬುದು ನಿಮಗೇ ತಿಳಿಯುತ್ತದೆ.